ದೊಡ್ಡ ಬೋನಿನ ಕೀರ್ತಿ

ವೀನಸ್ ಫ್ಲೈಟ್ರ್ಯಾಪ್ ಎಂಬ ಕೀಟಾಹಾರಿ ಸಸ್ಯದ ತಳಿಗಳಲ್ಲಿ ಯಾವುದು ಉತ್ತಮವೆಂದು ಬಲ್ಲವರನ್ನು ಕೇಳಿದರೆ, ಬೋನು ಯಾವುದರದು ದೊಡ್ಡದೋ ಅದೇ ಉತ್ತಮವೆಂಬ ಉತ್ತರ ಕ್ಷಣಮಾತ್ರವೂ ತಡವಿಲ್ಲದೆ ಬರುತ್ತದೆ. ಆ ಉತ್ತರದ ಬೆನ್ನಿಗೇ ‘ಬಿ 52’, ‘ಸೌತ್ ವೆಸ್ಟ್ ಜೈಂಟ್’, ‘ಸ್ಲ್ಯಾಕ್ಸ್ ಜೈಂಟ್’ ಎಂಬ ನಾಮಾವಳಿಯೂ ಬರುತ್ತದೆ. ಕುಂದಾಪುರ, ಬ್ರಹ್ಮಾವರ, ಬೈಂದೂರುಗಳಲ್ಲಿ ತಾರಸಿಯ ಮೇಲೊಂದು ಕುಂಡವಿಟ್ಟು ಈ ಪರದೇಶದ ಗಿಡವನ್ನು ಸಾಕಲು ಹೊರಟ ಹವ್ಯಾಸಿಯೂ ಇದೇ ನಾಮಾವಳಿಗೆ ಶರಣಾಗುತ್ತಾನೆ. ಈ ಕೀರ್ತಿ ಅರ್ಹತೆಯನ್ನು ಮೀರಿ ಉಬ್ಬಿದುದೆಂದೂ, ನಮ್ಮ ಕರಾವಳಿಯ ಮಟ್ಟಿಗಂತೂ ಬೋನಿನ ಗಾತ್ರವನ್ನು ನೋಡಿ ತಳಿಯನ್ನು ಆರಿಸುವುದು ಅವಿವೇಕವೆಂದೂ ನನ್ನ ಅಭಿಪ್ರಾಯ.

ಗಿಡದ ಪೂರ್ವೋತ್ತರವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಉತ್ತರ ಮತ್ತು ದಕ್ಷಿಣ ಕರೊಲಿನಾಗಳ ಜೌಗುನೆಲ ಅದರ ತವರು; ಡಾರ್ವಿನ್ನನ 1875ರ ಗ್ರಂಥ ಅದಕ್ಕೆ ಜಗತ್ಪ್ರಸಿದ್ಧಿಯನ್ನು ತಂದಿತು; ಒಳಮೈಯ ರೋಮಗಳನ್ನು ಕೀಟವು ಇಪ್ಪತ್ತು ಸೆಕೆಂಡಿನೊಳಗೆ ಎರಡು ಸಲ ತಾಕಿದರೆ ಬೋನು ಮುಚ್ಚುತ್ತದೆ. ಇಷ್ಟನ್ನು ಓದುಗರು ಬಲ್ಲರು.

ವಿಚಾರಿಸಬೇಕಾದುದು ಅಳತೆಯನ್ನು. ಸಾಮಾನ್ಯ ಗಿಡದ ಬಲಿತ ಬೋನು ಎರಡರಿಂದ ಮೂರು ಸೆಂಟಿಮೀಟರ್ ಇರುತ್ತದೆಂದೂ, ಹೆನಿಂಗ್ ಫಾನ್ ಶ್ಮೆಲಿಂಗ್ ಎಂಬಾತ ಆರಿಸಿ ಬೆಳೆಸಿದ ‘ಬಿ 52’ರದು ಐದನ್ನು ಮುಟ್ಟುತ್ತದೆಂದೂ ಹೇಳುತ್ತಾರೆ. ಆದರೆ ಎಲ್ಲಿಂದ ಎಲ್ಲಿಗೆ ಅಳೆದರು? ಬೋನಿನ ಅಂಚಿನಲ್ಲಿ ಹೊರಕ್ಕೆ ಚಾಚಿದ ನೀಳವಾದ ಹಲ್ಲುಗಳಿವೆ. ದಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆಯುವವನು ಕೊನೆಯ ಹಲ್ಲುಗಳನ್ನು ಸೇರಿಸಿಕೊಂಡನೆಂದರೆ, ಬಡಗುತಿಟ್ಟಿನ ವೇಷಧಾರಿಯ ಎತ್ತರವನ್ನು ಕೇದಗೆ ಮುಂದಲೆಯ ತುದಿಯಿಂದ ಲೆಕ್ಕ ಹಾಕಿದಂತಾಯಿತು. ಹಲ್ಲನ್ನು ಬಿಟ್ಟೇ ಅಳೆದರೆನ್ನೋಣ. ಯಾವ ಎಲೆಯನ್ನು ಅಳೆದರು? ವಸಂತದಲ್ಲಿ ನೆಲಕ್ಕೊರಗಿ ಬರುವ ಅಗಲತೊಟ್ಟಿನ ಎಲೆಯ ಬೋನು ಬೇರೆ, ಬೇಸಗೆಯಲ್ಲಿ ನೆಟ್ಟಗೆ ನಿಲ್ಲುವ ಎಲೆಯ ಬೋನು ಬೇರೆ. ಹೂವಿನ ದಂಟು ಏಳಲು ಬಿಟ್ಟ ಗಿಡದ ಶಕ್ತಿಯೆಲ್ಲ ಅತ್ತ ಹರಿದು ಬೋನುಗಳು ಸಣ್ಣವಾಗುತ್ತವೆ. ಕುಂಡದಲ್ಲಿ ಮರಿಗಳು ಒಡೆದು ಗುಂಪಾದಾಗ ಮತ್ತಷ್ಟು ಸಣ್ಣವಾಗುತ್ತವೆ. ಹೀಗಿರುತ್ತ, ಒಂದು ಗಿಡದ ಒಂದು ಋತುವಿನ ಎಲೆಗಳಲ್ಲಿ ಅತ್ಯಂತ ದೊಡ್ಡದೊಂದನ್ನು ಹೆಕ್ಕಿ, ಪಕ್ಕದಲ್ಲಿ ನಾಣ್ಯವನ್ನಿಟ್ಟು ಚಿತ್ರ ತೆಗೆದು, ಇದೇ ತಳಿಯ ಲಕ್ಷಣವೆಂದು ಸಾರುವುದು ಪ್ರಮಾಣವಲ್ಲ, ಪ್ರಚಾರ. ತಳಿಯ ಹೆಸರು ಸೂಚಿಸುವುದು ಗರಿಷ್ಠ ಸಾಧ್ಯತೆಯನ್ನು ಮಾತ್ರ. ಕೊಂಡವನ ಕುಂಡದಲ್ಲಿ ಬರುವುದು ಬಿಸಿಲು, ನೀರು, ವಿಶ್ರಾಂತಿಗಳು ಕೊಟ್ಟಷ್ಟು.

ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದ ಗದ್ದೆಗಳಲ್ಲಿ ಭತ್ತದ ತಳಿಗಳನ್ನು ಪರೀಕ್ಷಿಸುವ ಕ್ರಮವನ್ನು ನಮ್ಮ ರೈತರು ಬಲ್ಲರು: ಹೊಸ ತಳಿಯ ಮಗ್ಗುಲಿಗೆ ಹಳೆಯದೊಂದನ್ನು ನಾಟಿಮಾಡಿ, ಒಂದೇ ಬಗೆಯ ಉಪಚಾರ ಕೊಟ್ಟು, ಹಲವು ತಾಕುಗಳಲ್ಲಿ, ಹಲವು ಹಂಗಾಮುಗಳಲ್ಲಿ ತೂಗಿನೋಡಿದ ಮೇಲೆಯೇ ಮೇಲು ಕೀಳಿನ ಮಾತು. ಫ್ಲೈಟ್ರ್ಯಾಪ್ ತಳಿಯ ಹೆಸರಿನ ನೋಂದಣಿಗಾದರೋ ಒಂದು ವರ್ಣನೆಯೂ ಒಂದು ಚಿತ್ರವೂ ಪ್ರಕಟವಾದರೆ ಸಾಕು. ಹೆಸರುಗಳನ್ನು ಗುರುತಿಟ್ಟುಕೊಳ್ಳಲು ಈ ಏರ್ಪಾಡು ಉಚಿತವೇ. ಅದನ್ನು ಗುಣನಿರ್ಣಯವೆಂದು ಭಾವಿಸಿದವರದು ತಪ್ಪು.

ಇನ್ನು ನಮ್ಮ ನೆಲ. ಈ ಗಿಡಕ್ಕೆ ವರ್ಷಕ್ಕೆ ಮೂರು ನಾಲ್ಕು ತಿಂಗಳು ಚಳಿಯ ನಿದ್ರೆ ಬೇಕು. ಕುಂದಾಪುರದಲ್ಲಿಯೋ ಮಾಗಿಯ ನಸುಕಿನಲ್ಲಿ ಕೂಡ ಆ ಮಟ್ಟದ ಚಳಿ ಬಾರದು. ಶೀತಪೆಟ್ಟಿಗೆಯಲ್ಲಿಟ್ಟು ಮಲಗಿಸದಿದ್ದರೆ ಗಿಡ ವರ್ಷದಿಂದ ವರ್ಷಕ್ಕೆ ಕೃಶವಾಗುತ್ತದೆ, ‘ಜೈಂಟ್’ ಎಂಬ ಬಿರುದು ಚೀಟಿಯಲ್ಲಷ್ಟೇ ಉಳಿಯುತ್ತದೆ. ಅದಕ್ಕೆ ಬೇಕಾದುದು ಲವಣರಹಿತವಾದ ನೀರು, ಪ್ರಖರವಾದ ಬಿಸಿಲು. ಆಟಿಯಲ್ಲಿ ಮಳೆನೀರು ಧಾರಾಳವಾಗಿದ್ದಾಗ ಸೂರ್ಯದರ್ಶನವಿಲ್ಲ. ವೈಶಾಖದಲ್ಲಿ ಬಿಸಿಲು ಧಾರಾಳವಾಗಿರುವಾಗ ಮಳೆನೀರಿಲ್ಲ, ಹೊಳೆಬಾಗಿಲಿನ ಊರುಗಳ ಬಾವಿಗಳಿಗೆ ಉಪ್ಪು ಏರಿರುತ್ತದೆ. ಕೈಗೆಟುಕುವ ತೆಂಗಿನ ನಾರಿನ ಪುಡಿಯಲ್ಲಿಯೂ ಉಪ್ಪಿನಂಶ ಇರುವುದರಿಂದ ಚೆನ್ನಾಗಿ ತೊಳೆಯದೆ ಬಳಸಿದರೆ ಬೇರು ಸುಡುತ್ತದೆ. ಇಂಥಲ್ಲಿ ತಳಿಯಿಂದ ಅಪೇಕ್ಷಿಸಬೇಕಾದುದು ಸಹಿಷ್ಣುತೆಯನ್ನು, ಎಡೆಬಿಡದೆ ಹೊಸ ಎಲೆ ಬಿಡುವ ಚೈತನ್ಯವನ್ನು.

ದೊಡ್ಡ ಬೋನು ದೊಡ್ಡ ಬೇಟೆಯಾಡುತ್ತದಷ್ಟೆ, ಎಂದು ಕೆಲವರು ವಾದಿಸುತ್ತಾರೆ. ತವರಿನಲ್ಲಿ ಈ ಗಿಡದ ಆಹಾರ ಬಹುಪಾಲು ಇರುವೆ ಮತ್ತು ಜೇಡಗಳು. ಅಂಚಿನ ಹಲ್ಲುಗಳನ್ನು ಕತ್ತರಿಸಿ ನೋಡಿದ ಅಮೆರಿಕದ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು: ಮಧ್ಯಮ ಗಾತ್ರದ ಕೀಟಗಳನ್ನು ಹಿಡಿಯುವಲ್ಲಿ ಆ ಹಲ್ಲುಗಳಿಂದ ಬಹಳ ಪ್ರಯೋಜನ ಕಂಡಿತು, ಬೋನೂ ಬೇಟೆಯೂ ದೊಡ್ಡದಾದಂತೆ ಆ ಪ್ರಯೋಜನ ಬಹುಮಟ್ಟಿಗೆ ಕರಗಿಹೋಯಿತು. ವೇಗದ ಮಾತೆತ್ತಿದರೂ ದೊಡ್ಡದಕ್ಕೆ ಜಯವಿಲ್ಲ. ಫ್ಲೈಟ್ರ್ಯಾಪ್ ಮುಚ್ಚುವುದು ಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ. ಅದರ ಸಮೀಪಬಂಧುವಾದ ಆಲ್ಡ್ರೊವಾಂಡಾ ಎಂಬ ಜಲಸಸ್ಯ ಕೆಲವೇ ಮಿಲಿಮೀಟರಿನ ಬೋನನ್ನು ಅದಕ್ಕಿಂತ ಎಷ್ಟೋ ಶೀಘ್ರವಾಗಿ ಮುಚ್ಚುತ್ತದೆ. ಯುಟ್ರಿಕುಲೇರಿಯಾ ಎಂಬ ಇನ್ನೊಂದು ಕೀಟಾಹಾರಿಯ ಸಾಸಿವೆಗಿಂತ ಕಿರಿದಾದ ಚೀಲಗಳು ಜಲಜಂತುವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದೊಳಗೆ ಹೀರಿಕೊಳ್ಳುತ್ತವೆ. ಆ ಯುಟ್ರಿಕುಲೇರಿಯಾ ನಮ್ಮದೇ ಮುರಕಲ್ಲಿನ ಪಾದೆಗಳ ಮೇಲೆ, ಮಳೆಗಾಲದ ತೆಳುನೀರಿನಲ್ಲಿ ಹೂಬಿಡುತ್ತದೆ. ಅದರ ಒಂದು ಪ್ರಭೇದಕ್ಕೆ ಪೀಟರ್ ಟೇಲರ್ 1984ರಲ್ಲಿ ನಮ್ಮ ಸಸ್ಯವಿಜ್ಞಾನಿ ಸೆಸಿಲ್ ಸಲ್ದಾನರ ಗೌರವಾರ್ಥವಾಗಿ ಸಿಸಿಲಿಯೈ ಎಂಬ ಹೆಸರಿಟ್ಟಿದ್ದಾನೆ.

ಇಷ್ಟು ಹೇಳಿದೊಡನೆ, ಹಾಗಾದರೆ ಪರದೇಶದ ಗಿಡವೇಕೆ, ಪಾದೆಯಿಂದ ಡ್ರೋಸೆರಾ ಎಂಬ ಕೀಟಾಹಾರಿಯನ್ನೋ ಯುಟ್ರಿಕುಲೇರಿಯಾವನ್ನೋ ಕಿತ್ತು ತಂದು ಬೆಳೆಸಬಾರದೇ ಎನ್ನುವ ಇನ್ನೊಂದು ಪಕ್ಷ ಎದ್ದು ನಿಲ್ಲುತ್ತದೆ. ಗಾತ್ರಪ್ರಿಯರಿಗಿಂತ ಈ ಸ್ವದೇಶಾಭಿಮಾನಿಗಳ ಮೇಲೆಯೇ ನನ್ನ ಅಸಮಾಧಾನ ಹೆಚ್ಚು. ಗಾತ್ರಪ್ರಿಯನು ತನ್ನ ಹಣವನ್ನು ಮಾತ್ರ ಕಳೆದುಕೊಳ್ಳುತ್ತಾನೆ. ಇವರು ಕಲ್ಲುಕೋರೆ, ಹೆದ್ದಾರಿಗಳು ಉಳಿಸಿದ ಅಷ್ಟಿಷ್ಟು ಪಾದೆಯನ್ನೂ ಬರಿದು ಮಾಡುತ್ತಾರೆ. ಬೈಂದೂರಿನ ಒತ್ತಿನೆಣೆ ಗುಡ್ಡವನ್ನು ರಸ್ತೆಗಾಗಿ ಕಡಿದ ಬಗೆಯನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಮಳೆಯೊಡನೆ ಹುಟ್ಟಿ, ಬೀಜ ಚೆಲ್ಲಿ, ಬಿಸಿಲಿಗೆ ಒಣಗುವ ಆ ಅಲ್ಪಾಯುಗಳನ್ನು ಬೀಜಕ್ಕೆ ಮುನ್ನ ಕಿತ್ತರೆ ಮುಂದಿನ ವರ್ಷದ ಸಂತಾನವನ್ನೇ ಕಿತ್ತಂತೆ. ಅವನ್ನು ಕುಳಿತು ನೋಡಬೇಕು, ತರಬಾರದು.

‘ಬಿ 52’ರ ಬೋನು ದೊಡ್ಡದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಒಳ್ಳೆಯ ಆರೈಕೆಯಲ್ಲಿ ಅದು ಭವ್ಯವಾಗಿಯೇ ಕಾಣುತ್ತದೆ. ಆದರೂ ಕೊಳ್ಳಹೊರಟವನು, ನಮ್ಮ ಕರಾವಳಿಯಲ್ಲಿಯೇ ಎರಡು ಬೇಸಗೆಗಳನ್ನು ದಾಟಿದ ಹೆಸರಿಲ್ಲದ ಗಿಡವೊಂದರ ಮರಿ ದೊರೆತರೆ ಅದನ್ನೇ ಕೊಳ್ಳಲಿ. ಕಿರಿಯ ಬೋನುಗಳನ್ನೇ ಹತ್ತಾರು ಬಿಡುವ ಗಿಡ, ಹಿರಿಯ ಬೋನು ಎರಡನ್ನು ಬಿಟ್ಟು ಕಪ್ಪಾಗುವ ಗಿಡಕ್ಕಿಂತ ಮೇಲು. ಇನ್ನು ‘ಬಿ 52’ರ ಬೀಜವೆಂದು ಪೊಟ್ಟಣಕಟ್ಟಿ ಮಾರುವವರ ವಿಷಯದಲ್ಲಿ ವಿಮರ್ಶೆಯ ಅಗತ್ಯವೇ ಇಲ್ಲ: ಆ ತಳಿ ಮುಂದುವರಿಯುವುದು ಗಡ್ಡೆಯನ್ನು ಒಡೆದು, ಎಲೆಯನ್ನು ನಾಟಿ, ಇಲ್ಲವೆ ಅಂಗಾಂಶ ಕೃಷಿಯಿಂದ; ಬೀಜದಿಂದ ಹುಟ್ಟಿದ ಸಸಿಗೆ ಆ ಹೆಸರಿನ ಹಕ್ಕಿಲ್ಲ.