ಊದದೆ ಉಳಿದ ಸೀಟಿ

ಸತ್ಯಮಂಗಲದ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ ಒಂದು ಬಯಲು. ಹುಲ್ಲಿನ ಹೆಸರಿಲ್ಲ, ಬರೀ ಕೆಮ್ಮಣ್ಣು. ಭಾನುವಾರ ಸಂಜೆ ಪಾಳಿ ಮುಗಿಸಿದವರೂ ಕಾಲೇಜು ಹುಡುಗರೂ ಸೇರಿ ಅಲ್ಲಿ ಫುಟ್‌ಬಾಲ್ ಆಡುತ್ತಾರೆ. ಮೊನ್ನೆ ಒಬ್ಬ ಹುಡುಗ ಎಡಗಡೆಯಿಂದ ಚೆಂಡು ಕಟ್ಟಿಕೊಂಡು ನುಗ್ಗಿದ. ಡಿಫೆಂಡರ್ ಓಡಿಬಂದು ಬೀಸಿದ ಕಾಲು ಚೆಂಡಿಗೆ ತಾಗಲಿಲ್ಲ, ಹುಡುಗನ ಮೊಣಕಾಲ ಕೆಳಗೆ ತಾಗಿತು. ದೂಳೆದ್ದಿತು. ರೆಫರಿಯ ಸೀಟಿ ತುಟಿಯವರೆಗೆ ಬಂತು. ಅಲ್ಲೇ ನಿಂತಿತು. ಹುಡುಗ ಎಡವಿದ, ನೆಲಕ್ಕೆ ಕೈಯೂರಿದ, ಬೀಳಲಿಲ್ಲ. ಚೆಂಡು ಇನ್ನೂ ಅವನ ಮುಂದೆಯೇ ಇತ್ತು. ರೆಫರಿ ಸೀಟಿ ಇಳಿಸಿ, ಎರಡೂ ಕೈಯನ್ನು ಮುಂದಕ್ಕೆ ಚಾಚಿ "ಆಡಿ, ಆಡಿ" ಎಂದರು. ಹುಡುಗ ಹೊಡೆದ ಚೆಂಡನ್ನು ಗೋಲ್‌ಕೀಪರ್ ತಡೆದ. ಆಟ ಇನ್ನೊಂದು ತುದಿಗೆ ಹರಿದುಹೋಯಿತು.

ಇದಕ್ಕೆ ಅಡ್ವಾಂಟೇಜ್ ಎನ್ನುತ್ತಾರೆ. ಫುಟ್‌ಬಾಲಿನಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಇದು, ಗೋಲಿಗಿಂತಲೂ ಇಷ್ಟ. ನಾನು ಕಬಡ್ಡಿ ನೋಡಿ ಬೆಳೆದವನು. ಅಲ್ಲಿ ಅಂಪೈರ್ ಸೀಟಿ ಊದಿದರೆ ಲೆಕ್ಕ ಮುಗಿಯಿತು. ತಪ್ಪು ಕಂಡೂ ಊದದಿರುವುದು ಒಂದು ತೀರ್ಪು ಎಂಬುದು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಫೌಲಿಗೆ ಸೀಟಿ ಊದಿದರೆ ಫ್ರೀ ಕಿಕ್ ಸಿಗುತ್ತದೆ, ನಿಜ. ಆದರೆ ಆಟ ನಿಂತೊಡನೆ ಎದುರಾಳಿಗಳೆಲ್ಲ ಓಡಿಬಂದು ಗೋಲಿನ ಮುಂದೆ ತುಂಬಿಕೊಳ್ಳುತ್ತಾರೆ. ಆಗ ಆ ಫೌಲಿನಿಂದ ಲಾಭ ಆಗುವುದು ಫೌಲ್ ಮಾಡಿದವನಿಗೇ. ಹಾಗಾಗಿ ರೆಫರಿ ಎರಡು ಮೂರು ಸೆಕೆಂಡು ಉಸಿರು ಹಿಡಿದು ಕಾಯುತ್ತಾರೆ. ನೊಂದವನು ಮುಂದೆ ಹೋದರೆ ಸರಿ, ಹೋಗದಿದ್ದರೆ ಆಗ ಊದಿ ಹಿಂದಕ್ಕೆ ಕರೆಯುತ್ತಾರೆ. ಆ ಸೆಕೆಂಡುಗಳಲ್ಲಿ ಅವರ ಕಣ್ಣಿರುವುದು ಒದೆ ತಿಂದವನ ಮೇಲೆ, ಒದ್ದವನ ಮೇಲಲ್ಲ. ಇಷ್ಟು ಕರುಣೆಯ ನ್ಯಾಯವನ್ನು ನಾನು ಬೇರಾವ ಆಟದಲ್ಲೂ ಕಂಡಿಲ್ಲ.

ಒದ್ದವನನ್ನು ತೂಗುವುದಕ್ಕೂ ಒಂದು ತಕ್ಕಡಿ ಇದೆ. ಆಟದ 12ನೇ ನಿಯಮ ಅದಕ್ಕೆ ಮೂರು ಮೆಟ್ಟಿಲು ಕಟ್ಟಿದೆ: ಎಚ್ಚರಗೇಡು, ದುಡುಕು, ಮಿತಿಮೀರಿದ ಬಲ. ನೋಡದೆ ಕಾಲು ಹಾಕಿದ್ದರೆ ಬರೀ ಫ್ರೀ ಕಿಕ್, ತನ್ನದೇ ಪೆನಾಲ್ಟಿ ಚೌಕದೊಳಗಾದರೆ ಪೆನಾಲ್ಟಿ. ಎದುರಿನವನಿಗೆ ಪೆಟ್ಟಾದೀತು ಎಂಬ ಪರಿವೆಯಿಲ್ಲದೆ ನುಗ್ಗಿದ್ದರೆ ಹಳದಿ ಕಾರ್ಡ್. ಕಾಲು ಮುರಿಯುವಂತೆ ಬಿದ್ದರೆ ಕೆಂಪು. ಎಷ್ಟು ವೇಗದಲ್ಲಿ ಬಂದ? ಬೂಟಿನ ತಳ ಕಾಣುತ್ತಿತ್ತೇ? ಚೆಂಡು ಅವನಿಗೆ ಎಟಕುವಂತಿತ್ತೇ? ಪೆಟ್ಟು ಪಾದಕ್ಕೋ ಮೊಣಕಾಲಿಗೋ? ನಾವು ಹತ್ತು ಸಲ ಹಿಂದೆ ಮುಂದೆ ಮಾಡಿ ನೋಡುವುದನ್ನು ಅವರು ಓಡುತ್ತಲೇ, ಒಂದೇ ಸಲ ನೋಡಿ ಓದಬೇಕು. ಒಂದು ದೊಡ್ಡ ಪಂದ್ಯದಲ್ಲಿ ರೆಫರಿ ಹತ್ತು ಹನ್ನೆರಡು ಕಿಲೋಮೀಟರ್ ಓಡುತ್ತಾರೆ. ಚೆಂಡಿನ ಬೆನ್ನು ಹತ್ತಿ ಓಡುವುದಿಲ್ಲ. ಮೈದಾನದ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಓಡುತ್ತಾರೆ. ಬೆನ್ನ ಹಿಂದೆ ನಿಂತರೆ ಇಬ್ಬರ ಮೈಯೂ ಒಂದಾಗಿ ಕಾಣುತ್ತದೆ. ಪಕ್ಕದಿಂದ ನೋಡಿದರೆ ಮಾತ್ರ ಕಾಲಿಗೂ ಕಾಲಿಗೂ ನಡುವಿನ ಕಿಂಡಿ ಕಾಣುತ್ತದೆ. ತೀರ್ಪು ಇರುವುದು ಆ ಕಿಂಡಿಯಲ್ಲಿ.

ಬೀಳುವ ನಟನೆಗೂ ಹಳದಿ ಕಾರ್ಡ್ ಉಂಟು. ಗುಬ್ಬಿ ನಾಟಕ ಕಂಪನಿಯ ಸೀಮೆಯವರಾದ ನಮಗೆ ಅಭಿನಯದ ಬಗ್ಗೆ ಗೌರವ ಹೆಚ್ಚು, ಆದರೆ ರಂಗದ ಮೇಲೆ. ನಿಜವಾಗಿ ಬೀಳುವವನ ಕೈ ತಾನಾಗಿ ನೆಲ ಹುಡುಕುತ್ತದೆ. ನಟಿಸುವವನ ಕೈ ಮೇಲೆದ್ದಿರುತ್ತದೆ, ಕಣ್ಣು ರೆಫರಿಯನ್ನು ಹುಡುಕುತ್ತದೆ. ನಮ್ಮ ಬಯಲಿನ ಕೆಮ್ಮಣ್ಣಿನಲ್ಲಿ ಸುಮ್ಮಸುಮ್ಮನೆ ಬಿದ್ದರೆ ಮಂಡಿ ತರಚುತ್ತದೆ, ಹಾಗಾಗಿ ಇಲ್ಲಿ ಆ ಕಲೆ ಬೆಳೆದಿಲ್ಲ.

ಕಾರ್ಡುಗಳು ಬಂದದ್ದು ತಡವಾಗಿ. 1966ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ನಾಯಕ ರಟ್ಟಿನ್‌ನನ್ನು ಜರ್ಮನಿಯ ರೆಫರಿ ಹೊರಗೆ ಕಳಿಸಿದಾಗ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದೆ ಆಟ ನಿಮಿಷಗಟ್ಟಲೆ ನಿಂತಿತು. ರೆಫರಿಗಳ ಮೇಲ್ವಿಚಾರಣೆ ನೋಡುತ್ತಿದ್ದ ಕೆನ್ ಆಸ್ಟನ್‌ಗೆ ಆಮೇಲೆ ಲಂಡನ್ನಿನ ಸಿಗ್ನಲ್ ದೀಪದ ಮುಂದೆ ಕಾರು ನಿಲ್ಲಿಸಿದ್ದಾಗ ಹೊಳೆಯಿತು: ಹಳದಿ ಎಂದರೆ ಎಚ್ಚರ, ಕೆಂಪು ಎಂದರೆ ಸಾಕು. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಅವು ಜೇಬು ಸೇರಿದವು. ಬೆಂಗಳೂರಿನ ಮೈದಾನದಲ್ಲಿ ಕನ್ನಡ, ಮಲಯಾಳ, ಮಣಿಪುರಿ, ಮಿಜೊ ಎಲ್ಲ ಒಟ್ಟಿಗೆ ಕೇಳುವಾಗ ಆ ಅಂಗೈಯಗಲದ ತುಂಡಿನ ಬೆಲೆ ಗೊತ್ತಾಗುತ್ತದೆ.

ಆದರೂ ನಿಯಮದ ಕೈ ಎಲ್ಲೆಡೆ ಎಟಕುವುದಿಲ್ಲ. 2010ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನ ಕೊನೆಯ ಗಳಿಗೆಯಲ್ಲಿ ಘಾನಾದ ಚೆಂಡು ಗೋಲಿನೊಳಗೆ ಹೋಗುತ್ತಿದ್ದಾಗ ಉರುಗ್ವೆಯ ಸುವಾರೆಸ್ ಅದನ್ನು ಕೈಯಿಂದ ತಡೆದ. ರೆಫರಿ ಕೆಂಪು ಕಾರ್ಡ್ ತೋರಿಸಿದರು, ಪೆನಾಲ್ಟಿ ಕೊಟ್ಟರು, ಮಾಡಬಹುದಾದುದನ್ನೆಲ್ಲ ಮಾಡಿದರು. ಘಾನಾದ ಗ್ಯಾನ್ ಹೊಡೆದ ಪೆನಾಲ್ಟಿ ಗೋಲಿನ ಅಡ್ಡಪಟ್ಟಿಗೆ ಬಡಿದು ಮೇಲೆ ಹಾರಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಉರುಗ್ವೆ ಗೆದ್ದಿತು. ತಪ್ಪಿಗೆ ಲಾಭ ದಕ್ಕಿತು. ಆ ರಾತ್ರಿಯ ಸಂಕಟ ನನಗೆ ಇನ್ನೂ ಇಳಿದಿಲ್ಲ.

ಬಹುಶಃ ಅದಕ್ಕೇ 2023ರ ಮಾರ್ಚ್ 3ರ ಕಂಠೀರವ ಕ್ರೀಡಾಂಗಣ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್, ಬೆಂಗಳೂರು ಎಫ್‌ಸಿ ಎದುರು ಕೇರಳ ಬ್ಲಾಸ್ಟರ್ಸ್. ತೊಂಬತ್ತು ನಿಮಿಷ ಗೋಲಿಲ್ಲದೆ ಕಳೆದು ಹೆಚ್ಚುವರಿ ಆಟ ಶುರುವಾಗಿತ್ತು. ಚೌಕದ ಹತ್ತಿರ ಬೆಂಗಳೂರಿಗೆ ಫ್ರೀ ಕಿಕ್. ಕೇರಳದ ಗೋಲ್‌ಕೀಪರ್ ಗಿಲ್ ತನ್ನವರನ್ನು ಸಾಲಾಗಿ ನಿಲ್ಲಿಸಿ ಗೋಡೆ ಕಟ್ಟಿಸುತ್ತಿದ್ದ. ಬೆಂಗಳೂರಿನ ಸುನಿಲ್ ಛೆಟ್ರಿ ಕಾಯಲಿಲ್ಲ. 96ನೇ ನಿಮಿಷದಲ್ಲಿ ಚೆಂಡನ್ನು ಮೆಲ್ಲಗೆ ಎತ್ತಿ ತೆರೆದ ಗೋಲಿನೊಳಕ್ಕೆ ಇಳಿಸಿದರು. ರೆಫರಿ ಕ್ರಿಸ್ಟಲ್ ಜಾನ್ ಅದನ್ನು ಗೋಲೆಂದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ಸಿಟ್ಟಿನಿಂದ ತಂಡವನ್ನೇ ಮೈದಾನದಿಂದ ಕರೆದುಕೊಂಡು ಹೋದರು. ಅವರು ಮರಳಲಿಲ್ಲ, ಪಂದ್ಯ ಬೆಂಗಳೂರಿನದಾಯಿತು. ಆಮೇಲೆ ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ.

ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದೆ ಎಂದು ಛೆಟ್ರಿ ವಿವರಿಸಿದರು. ಗೋಡೆ ಕಟ್ಟಲು ಬಿಡಬೇಕಿತ್ತು ಎಂದು ಇಂದಿಗೂ ವಾದಿಸುವವರಿದ್ದಾರೆ. ನಾನು ಆ ಕಡೆಯವನಲ್ಲ. ಎದುರಾಳಿಗಳು 9.15 ಮೀಟರ್ ದೂರ ನಿಲ್ಲಬೇಕು ಎಂಬುದು ಫೌಲ್ ಮಾಡಿದ ಪಕ್ಷದ ಮೇಲಿನ ಹೊರೆ. ನೊಂದ ಪಕ್ಷ ಆ ದೂರವನ್ನು ಅಳೆಸಿಕೊಳ್ಳಬಹುದು, ಬೇಡವೆನ್ನಲೂಬಹುದು. ಗೋಡೆಗಾಗಿ ಕಾಯಲೇಬೇಕು ಎಂದರೆ ಕಾಲು ಕೊಟ್ಟು ಕೆಡವಿದವನಿಗೆ ಬಾಗಿಲು ಹಾಕಿಕೊಳ್ಳಲು ಸಮಯ ಕೊಟ್ಟಂತೆ. ಅಂದು ಕ್ರಿಸ್ಟಲ್ ಜಾನ್ ಊದದೆ ಬಿಟ್ಟ ಸೀಟಿಗೂ ಅಡ್ವಾಂಟೇಜಿನ ಸೀಟಿಗೂ ಬೇರು ಒಂದೇ. ಅಷ್ಟು ದೂರದಿಂದ ಬಂದು ಅರ್ಧ ಆಟದಲ್ಲಿ ಮೈದಾನ ಬಿಟ್ಟು ನಡೆದ ಆ ಹುಡುಗರ ಮುಖಗಳು ಮಾತ್ರ ನೆನಪಾದರೆ ಈಗಲೂ ಕಷ್ಟವಾಗುತ್ತದೆ.

ಮತ್ತೆ ಸತ್ಯಮಂಗಲದ ಬಯಲಿಗೆ ಬರುತ್ತೇನೆ. ಗೋಲ್‌ಕೀಪರ್ ತಡೆದ ಚೆಂಡು ಅತ್ತ ಹೋಯಿತು, ಇತ್ತ ಬಂತು, ಇಬ್ಬರು ಮೂವರ ತಲೆ ಮುಟ್ಟಿತು. ಒಂದೂವರೆ ನಿಮಿಷವಾದರೂ ಕಳೆದಿರಬೇಕು, ಕೊನೆಗೆ ಗೆರೆ ದಾಟಿ ರಸ್ತೆಯ ಕಡೆ ಉರುಳಿತು. ಒದ್ದವನು ಮರೆತಿದ್ದ. ಒದೆ ತಿಂದವನೂ ಮರೆತು ನೀರಿನ ಬಾಟಲಿಗೆ ಕೈ ಚಾಚಿದ್ದ. ನಾನೂ ಮರೆತಿದ್ದೆ. ರೆಫರಿ ಮಾತ್ರ ಮೈದಾನದ ಅಷ್ಟಗಲವನ್ನೂ ಅವಸರವಿಲ್ಲದೆ ನಡೆದು ಆ ಡಿಫೆಂಡರ್ ಮುಂದೆ ನಿಂತರು. ಹಿಂದೆ ಆ ಪೆಟ್ಟು ಬಿದ್ದ ಜಾಗದತ್ತ ಬೆರಳು ತೋರಿಸಿದರು. ಅವನು ತಲೆಯಾಡಿಸಿದ. ಅವರು ಜೇಬಿನಿಂದ ಹಳದಿ ಕಾರ್ಡ್ ತೆಗೆದು ಎತ್ತಿ ಹಿಡಿದರು, ನಂಬರ್ ಬರೆದುಕೊಂಡರು, ಆಟ ಶುರುಮಾಡಲು ಸೀಟಿ ಊದಿದರು.