ಹುಲ್ಲಿನ ಮೇಲಿಂದ ಏಳುವ ಚೆಂಡು

ಗಾಲ್ಫ್‌ನ ಫೇರ್‌ವೇ ವುಡ್ ಎಂಬ ಕ್ಲಬ್ ಕೊಳ್ಳಲು ಬಂದವರು ಮೊದಲು ಅದರಿಂದ ಚೆಂಡು ಹೊಡೆಯುವುದಿಲ್ಲ, ನೆಲಕ್ಕಿಟ್ಟು ನೋಡುತ್ತಾರೆ. ಎರಡೂ ಕೈಯಲ್ಲಿ ಗ್ರಿಪ್ ಹಿಡಿದು, ಕ್ಲಬ್ಬಿನ ತಲೆಯನ್ನು ನೆಲಕ್ಕೆ ತಾಗಿಸಿ, ಕಾಲು ಅಗಲಿಸಿ ನಿಂತು ಮೇಲಿನಿಂದ ಕಣ್ಣು ಹಾಯಿಸುತ್ತಾರೆ. ತಲೆ ದುಂಡಗಿದೆಯೋ, ಹಿಂದಕ್ಕೆ ಹೋಗುತ್ತಾ ಕಿರಿದಾಗಿದೆಯೋ? ಮುಂದಿನ ಅಂಚು ಗುರಿಗೆ ನೆಟ್ಟಗಿದೆಯೋ, ಎಡಕ್ಕೆ ಮುಚ್ಚಿಕೊಂಡಿದೆಯೋ? ಮುಖ ಎಷ್ಟು ಕಾಣುತ್ತಿದೆ? ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಮುಖ ಹಿಂದಕ್ಕೆ ಓರೆಯಾಗಿರುವ ಕೋನವನ್ನು ಲಾಫ್ಟ್ ಎನ್ನುತ್ತಾರೆ. ಮೇಲಿನಿಂದ ನೋಡಿದಾಗ ಆ ಓರೆ ಒಂದಿಷ್ಟು ಕಣ್ಣಿಗೆ ಬಿದ್ದರೆ, ಚೆಂಡು ತಾನಾಗಿ ಏಳುತ್ತದೆ ಎಂಬ ಧೈರ್ಯ ಬರುತ್ತದೆ. ಬೀಳದಿದ್ದರೆ ತಾನೇ ಎತ್ತಬೇಕೇನೋ ಎಂದು ಕೈ ಬಿಗಿಯುತ್ತದೆ, ಬಿಗಿದ ಕೈ ಚೆಂಡಿನ ನೆತ್ತಿಗೆ ಹೊಡೆಯುತ್ತದೆ, ಚೆಂಡು ನೆಲದ ಮೇಲೆ ಉರುಳಿಹೋಗುತ್ತದೆ. ಹೊರಗಿನವರಿಗೆ ಈ ನೋಟ ಬರೀ ಶೋಕಿಯಾಗಿ ಕಾಣಬಹುದು. ಆದರೆ ಅರ್ಧ ಹೊಡೆತ ಅಲ್ಲೇ, ಆ ನೋಟದಲ್ಲೇ ತೀರ್ಮಾನವಾಗಿರುತ್ತದೆ ಎಂದು ನಾನು ನಂಬಿದ್ದೇನೆ.

ಗಾಲ್ಫ್ ಆಡದವರಿಗೆ ಒಂದೆರಡು ಮಾತು. ಪ್ರತಿ ಹೋಲ್‌ನ ಮೊದಲ ಹೊಡೆತದಲ್ಲಿ ಚೆಂಡನ್ನು ಟೀ ಎಂಬ ಪುಟ್ಟ ಗೂಟದ ಮೇಲೆ ಇಡಬಹುದು. ಅಲ್ಲಿ ಡ್ರೈವರ್ ಬೀಸುತ್ತಾರೆ. ಡ್ರೈವರ್‌ನ ತಲೆ 460 ಘನ ಸೆಂಟಿಮೀಟರ್‌ವರೆಗೆ ದೊಡ್ಡದಿರಬಹುದು. ಎರಡನೆಯ ಹೊಡೆತಕ್ಕೆ ಆ ಸೌಲಭ್ಯವಿಲ್ಲ. ಚೆಂಡು ಎಲ್ಲಿ ಬಿತ್ತೋ ಅಲ್ಲಿಂದಲೇ, ಹುಲ್ಲಿನ ಮೇಲಿಂದಲೇ ಹೊಡೆಯಬೇಕು. ಚೆಂಡು ಸೇರಬೇಕಾದ ಕುಳಿ ಇರುವ ಗ್ರೀನ್ ಇನ್ನೂ ಇನ್ನೂರು ಗಜ ಆಚೆಗಿದ್ದಾಗ ಚೀಲದಿಂದ ಹೊರಬರುವುದು ಫೇರ್‌ವೇ ವುಡ್. ಉದ್ದದಲ್ಲಿ ಡ್ರೈವರ್‌ನ ನಂತರದ್ದು, ತಲೆಯ ಗಾತ್ರದಲ್ಲಿ ಅದರ ಅರ್ಧವೂ ಅಲ್ಲ. ಮೂರು, ಐದು, ಏಳು, ಒಂಬತ್ತು ಎಂದು ನಂಬರ್ ಏರಿದಂತೆ ಲಾಫ್ಟ್ ಹೆಚ್ಚುತ್ತದೆ, ಶಾಫ್ಟ್ ಗಿಡ್ಡವಾಗುತ್ತದೆ. ತ್ರೀ ವುಡ್‌ಗೆ ಸುಮಾರು 15 ಡಿಗ್ರಿ, ಫೈವ್ ವುಡ್‌ಗೆ 18, ಸೆವೆನ್ ವುಡ್‌ಗೆ 21ರ ಆಸುಪಾಸು.

ಈ ಹೊಡೆತದ ಸುಖವನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಡ್ರೈವರ್‌ನಲ್ಲಿ ಮೇಲಕ್ಕೇರುತ್ತಿರುವ ತಲೆ ಚೆಂಡಿಗೆ ತಗಲುತ್ತದೆ. ಐರನ್ ಎಂಬ ತೆಳು ತಲೆಯ ಲೋಹದ ಕ್ಲಬ್ಬಿನಲ್ಲಿ ತಲೆ ಕೆಳಗಿಳಿಯುತ್ತಾ ತಗಲಿ, ಚೆಂಡಿನ ಮುಂದಿನ ಹುಲ್ಲುಹೆಂಟೆಯನ್ನು ಕಿತ್ತು ಹಾಕುತ್ತದೆ. ಫೇರ್‌ವೇ ವುಡ್ ಇವೆರಡರ ನಡುವಿನದು. ಅಂಗಳ ಗುಡಿಸುವ ಕಡ್ಡಿಪೊರಕೆಯ ತುದಿ ನೆಲವನ್ನು ಸವರಿಕೊಂಡು ಹೋಗುವ ಹಾಗೆ ಅದರ ತಳ ಹುಲ್ಲನ್ನು ಸವರಬೇಕು. ಸರಿಯಾಗಿ ಕೂತ ಹೊಡೆತದ ನಂತರ ನೆಲ ನೋಡಿದರೆ ಗುಂಡಿ ಇರುವುದಿಲ್ಲ. ನಾಲ್ಕು ಬೆರಳಗಲ ಹುಲ್ಲು ಮುಂದಕ್ಕೆ ಮಲಗಿರುತ್ತದೆ, ತಳಕ್ಕೆ ತುಸು ಹಸಿರು ಮೆತ್ತಿರುತ್ತದೆ, ಅಷ್ಟೆ. ಕೈಗೆ ಬರುವ ಸುದ್ದಿಯೂ ಹಾಗೇ. ಚೆಂಡು ತಗಲಿತು ಎನ್ನುವುದಕ್ಕಿಂತ ಸ್ವಿಂಗ್‌ನ ದಾರಿಯಲ್ಲಿ ಅದೂ ಸೇರಿಕೊಂಡಿತು ಎನ್ನುವಷ್ಟು ಹಗುರ. ಆಮೇಲೆ ಹಾರಾಟ. ಮೊದಲು ತಗ್ಗಾಗಿ ಹೊರಟ ಚೆಂಡು ಅರ್ಧ ದಾರಿಯಲ್ಲಿ ಇನ್ನೊಂದು ಮೆಟ್ಟಿಲು ಹತ್ತಿ, ಮೇಲೆ ಒಂದು ಗಳಿಗೆ ನಿಂತಂತೆ ಕಂಡು, ಕಡಿದಾಗಿ ಇಳಿದು ಗ್ರೀನ್ ಮೇಲೆ ಬೀಳುತ್ತದೆ. ಡ್ರೈವರ್‌ನ ಚೆಂಡು ದೂರ ಹೋದರೆ ಸಾಕು. ಇದು ದೂರವೂ ಹೋಗಬೇಕು, ಹೋದಲ್ಲಿ ನಿಲ್ಲಲೂ ಬೇಕು. ಆಟದಲ್ಲಿ ಇದಕ್ಕಿಂತ ಚೆಂದದ ಹೊಡೆತ ನನಗೆ ಕಂಡಿಲ್ಲ.

ವುಡ್‌ಗಳ ತಲೆಗಳನ್ನು ಹಿಂದೆ ಹೆಸರಿಗೆ ತಕ್ಕಂತೆ ನಿಜವಾಗಿಯೂ ಮರದಿಂದಲೇ ಮಾಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಬಹುಪಾಲು ಅಮೆರಿಕದ ಪರ್ಸಿಮನ್ ಮರದ ಕಾಲ. ಅದು ನಮ್ಮ ಕರಿಮರದ, ಬೀಡಿ ಎಲೆ ಕೊಡುವ ತೂಪ್ರೆಯ ಕುಲಕ್ಕೇ ಸೇರಿದ್ದು. ಒತ್ತಾದ ಎಳೆಯ ಗಟ್ಟಿ ಮರ. ತುಂಡನ್ನು ಚೆನ್ನಾಗಿ ಒಣಗಿಸಿ, ಲೇತ್‌ಗೆ ಕೊಟ್ಟು ಆಕಾರ ತೆಗೆದು, ಮುಖದ ನಡುವೆ ಗಟ್ಟಿ ಬಿಲ್ಲೆಯೊಂದನ್ನು ಕೂರಿಸಿ ಸ್ಕ್ರೂ ಬಿಗಿದು, ತಳಕ್ಕೆ ಲೋಹದ ತಗಡು ಜಡಿದು, ಅದರಡಿ ಸೀಸ ಸೇರಿಸಿ ತೂಕ ಸರಿದೂಗಿಸುತ್ತಿದ್ದರು. ಕತ್ತಿನ ಸುತ್ತ ಮೇಣದ ದಾರವನ್ನು ಒತ್ತೊತ್ತಾಗಿ ಸುತ್ತಿ, ಕೊನೆಗೆ ವಾರ್ನಿಶ್. ಹಳೆಯ ಪರ್ಸಿಮನ್ ತಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ. ವಾರ್ನಿಶ್ ಕೆಳಗೆ ಎಳೆಗಳು ಮುಖದಿಂದ ಹಿಂಬದಿಗೆ ಹರಿದಿರುವುದು ಕಾಣುತ್ತದೆ. ಇನ್ನೂ ಸೂಕ್ಷ್ಮವಾಗಿ ನೋಡಿದರೆ ಮುಖ ಚಪ್ಪಟೆಯಾಗಿಲ್ಲ, ಎಡದಿಂದ ಬಲಕ್ಕೂ ಮೇಲಿನಿಂದ ಕೆಳಕ್ಕೂ ಸಣ್ಣಗೆ ಉಬ್ಬಿದೆ.

ಆ ಉಬ್ಬು ಅಲಂಕಾರಕ್ಕಲ್ಲ. ವುಡ್‌ನ ತೂಕದ ಕೇಂದ್ರ ಮುಖದಿಂದ ಸಾಕಷ್ಟು ಹಿಂದಿರುತ್ತದೆ. ಚೆಂಡು ಮುಖದ ನಡುವೆ ತಗಲದೆ ತುದಿಯ ಕಡೆಗೆ ತಗಲಿದರೆ ತಲೆ ತಿರುಚಿಕೊಳ್ಳುತ್ತದೆ, ಆ ತಿರುಚು ಚೆಂಡಿಗೆ ಎದುರು ದಿಕ್ಕಿನ ಸುತ್ತು ಕೊಡುತ್ತದೆ. ಬಲಗೈ ಆಟಗಾರನ ಚೆಂಡು ಎಡಕ್ಕೆ ಬಾಗುತ್ತದೆ. ಮುಖ ಉಬ್ಬಿರುವುದರಿಂದ ಅದೇ ಚೆಂಡು ಹೊರಡುವಾಗಲೇ ಸ್ವಲ್ಪ ಬಲಕ್ಕೆ ಹೊರಟಿರುತ್ತದೆ. ಬಲಕ್ಕೆ ಹೊರಟದ್ದು ಎಡಕ್ಕೆ ಬಾಗಿ ನಡುವಿಗೇ ಬಂದು ಬೀಳುತ್ತದೆ. ಮರ ಕೆತ್ತುವವರು ಅನುಭವದಿಂದ ಕಂಡುಕೊಂಡ ಈ ಉಬ್ಬು ಇಂದಿನ ಉಕ್ಕು, ಟೈಟಾನಿಯಂ ತಲೆಗಳಲ್ಲೂ ಹಾಗೇ ಉಳಿದಿದೆ. ತಪ್ಪನ್ನು ಕ್ಷಮಿಸುವ ಗುಣವನ್ನು ಆಕಾರದಲ್ಲೇ ಇಟ್ಟವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಯಾವ ವುಡ್ ತೆಗೆಯಬೇಕು ಎಂಬ ಯೋಚನೆಗೆ ಗಾಲ್ಫ್ ಇತಿಹಾಸದಲ್ಲಿ ಒಂದು ಅಮೋಘ ಉದಾಹರಣೆ ಇದೆ. 1935ರ ಏಪ್ರಿಲ್ 7, ಅಮೆರಿಕದ ಜಾರ್ಜಿಯಾದ ಅಗಸ್ಟಾ. ಈಗ ಮಾಸ್ಟರ್ಸ್ ಎಂದು ಹೆಸರಾದ ಟೂರ್ನಿ ಆಗಿನ್ನೂ ಎರಡನೆಯ ವರ್ಷದ ಕೂಸು. ಮುನ್ನಡೆಯಲ್ಲಿದ್ದ ಆಟಗಾರ ಕ್ರೇಗ್ ವುಡ್ ಆಟ ಮುಗಿಸಿ ಕೂತಿದ್ದರು. ಜೀನ್ ಸಾರಜೆನ್ ಮೂರು ಸ್ಟ್ರೋಕ್ ಹಿಂದೆ, ಉಳಿದದ್ದು ನಾಲ್ಕೇ ಹೋಲ್. ಹದಿನೈದನೆಯದು ಪಾರ್ ಐದು, ಗ್ರೀನ್ ಮುಂದೆ ಕೊಳ. ಎರಡನೆಯ ಹೊಡೆತಕ್ಕೆ ಇದ್ದ ದೂರ ಸುಮಾರು 235 ಗಜ. ದೂರಕ್ಕೆ ತ್ರೀ ವುಡ್ಡೇ ಸರಿ. ಆದರೆ ಚೆಂಡು ಹುಲ್ಲಿನಲ್ಲಿ ತಗ್ಗಾಗಿ ಕೂತಿತ್ತು, ಅಲ್ಲಿಂದ ತ್ರೀ ವುಡ್ ಅದನ್ನು ಬೇಕಾದಷ್ಟು ಎತ್ತರಕ್ಕೆ ಏರಿಸುವಂತಿರಲಿಲ್ಲ. ಸಾರಜೆನ್ ಫೋರ್ ವುಡ್ ತೆಗೆದರು. ಚೆಂಡು ಕೊಳ ದಾಟಿ ಗ್ರೀನ್ ಮುಂದೆ ಬಿದ್ದು ಉರುಳಿ ನೇರವಾಗಿ ಹೋಲ್ ಸೇರಿತು. ಐದರಲ್ಲಿ ಮುಗಿಸಬೇಕಾದುದು ಎರಡರಲ್ಲಿ ಮುಗಿಯಿತು, ಮೂರು ಸ್ಟ್ರೋಕ್‌ಗಳ ಅಂತರ ಒಂದೇ ಏಟಿಗೆ ಅಳಿಸಿಹೋಯಿತು. ಮರುದಿನ 36 ಹೋಲ್‌ಗಳ ಪ್ಲೇಆಫ್‌ನಲ್ಲಿ ಸಾರಜೆನ್ ಐದು ಸ್ಟ್ರೋಕ್‌ಗಳಿಂದ ಗೆದ್ದರು. ಆ ಗ್ರೀನ್‌ಗೆ ಹೋಗುವ ಸೇತುವೆಗೆ 1955ರಲ್ಲಿ ಅವರ ಹೆಸರಿಟ್ಟರು.

ಚೆಂಡು ಹೋಲ್ ಒಳಗೇ ಬಿದ್ದದ್ದು ಅದೃಷ್ಟ, ಅದನ್ನು ಯಾರೂ ಅಲ್ಲಗಳೆಯಲಾರರು. ನನ್ನ ಮನಸ್ಸು ನಿಲ್ಲುವುದು ಅದಕ್ಕೆ ಹಿಂದಿನ ಆ ಗಳಿಗೆಯಲ್ಲಿ. ಸೋಲು ಎದುರಿಗಿದ್ದಾಗ ಕೈ ಸಹಜವಾಗಿ ಉದ್ದದ ಕ್ಲಬ್ಬಿಗೇ ಹೋಗುತ್ತದೆ. ಅವರು ದೂರವನ್ನು ಬಿಟ್ಟು ಎತ್ತರವನ್ನು ಆರಿಸಿಕೊಂಡರು, ಚೆಂಡು ಕೂತ ಜಾಗ ಏನು ಕೇಳುತ್ತಿದೆಯೋ ಅದನ್ನು ಕೊಟ್ಟರು.

1979ರಲ್ಲಿ ಗ್ಯಾರಿ ಆಡಮ್ಸ್ ಅವರ ಟೇಲರ್‌ಮೇಡ್ ಕಂಪನಿ ಉಕ್ಕಿನ ತಲೆಗಳನ್ನು ಮಾರುಕಟ್ಟೆಗೆ ತಂದ ಮೇಲೆ ಮರದ ಕಾಲ ಮೆಲ್ಲಗೆ ಮುಗಿಯಿತು. ಟೊಳ್ಳು ಲೋಹದಲ್ಲಿ ತೂಕವನ್ನು ಬೇಕಾದ ಕಡೆ ಸರಿಸಬಹುದು. ಆ ಅನುಕೂಲವನ್ನು ಫೇರ್‌ವೇ ವುಡ್‌ಗೆ ಅತ್ಯಂತ ಚೆನ್ನಾಗಿ ಬಳಸಿದವರು ನನ್ನ ದೃಷ್ಟಿಯಲ್ಲಿ ಬಾರ್ನಿ ಆಡಮ್ಸ್. 1990ರ ದಶಕದಲ್ಲಿ ಅವರು ತಂದ ಟೈಟ್ ಲೈಸ್ ಎಂಬ ವುಡ್‌ನ ಮುಖ ಗಿಡ್ಡ, ತೂಕವೆಲ್ಲ ಕೆಳಗೆ. ತೂಕದ ಕೇಂದ್ರ ಚೆಂಡಿನ ನಡುವಿಗಿಂತ ಕೆಳಗಿಳಿದಷ್ಟೂ ಚೆಂಡು ಸುಲಭವಾಗಿ ಮೇಲೇಳುತ್ತದೆ. ಹುಲ್ಲು ತೆಳುವಾಗಿ, ನೆಲ ಗಟ್ಟಿಯಾಗಿ, ಚೆಂಡಿನ ಕೆಳಗೆ ಬೆರಳು ತೂರುವಷ್ಟೂ ಜಾಗವಿಲ್ಲದ ಸ್ಥಿತಿಯನ್ನು ಟೈಟ್ ಲೈ ಎನ್ನುತ್ತಾರೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನಮ್ಮ ಬಯಲುಸೀಮೆಯ ಕೋರ್ಸ್‌ಗಳಲ್ಲಿ ಆಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅಂಥ ನೆಲದ ಮೇಲೆ ಮುಖ ಎತ್ತರವಿರುವ ವುಡ್ ಹಿಡಿದು ನಿಂತರೆ ತೂಕದ ಕೇಂದ್ರ ಅಷ್ಟು ಕೆಳಗಿಳಿಯುವುದಿಲ್ಲ. ಗಿಡ್ಡ ಮುಖದ್ದು ಚೆಂಡಿನ ಕೆಳಕ್ಕೆ ನುಸುಳುತ್ತದೆ.

ಇನ್ನು ನಂಬರ್‌ಗಳ ವಿಚಾರ. ಬಹುಕಾಲ ತ್ರೀ ವುಡ್ ಚೀಲದಲ್ಲಿರುವುದೇ ಮರ್ಯಾದೆ, ಸೆವೆನ್ ವುಡ್ ವಯಸ್ಸಾದವರಿಗೆ ಎಂಬ ಭಾವನೆ ಗಂಡಸರಲ್ಲಿತ್ತು. ಮಹಿಳಾ ವೃತ್ತಿಪರರು ಆ ಗೊಡವೆಗೆ ಹೋಗದೆ ಏಳನ್ನೂ ಒಂಬತ್ತನ್ನೂ ಇಟ್ಟುಕೊಂಡು ಗೆಲ್ಲುತ್ತಾ ಬಂದರು. ಕ್ಯಾಲವೇ ಕಂಪನಿ ತನ್ನ ಸೆವೆನ್ ವುಡ್‌ಗೆ ಹೆವನ್‌ವುಡ್ ಎಂದೂ ನೈನ್ ವುಡ್‌ಗೆ ಡಿವೈನ್ ನೈನ್ ಎಂದೂ ಹೆಸರಿಟ್ಟಿತು. ಬಳಸಿದವರು ಆ ಹೆಸರುಗಳನ್ನು ಅತಿಶಯೋಕ್ತಿ ಎನ್ನಲಿಲ್ಲ. 2020ರ ನವೆಂಬರ್‌ನಲ್ಲಿ ಡಸ್ಟಿನ್ ಜಾನ್ಸನ್, ಜಗತ್ತಿನ ಅತಿ ಬಲಶಾಲಿ ಹೊಡೆತಗಾರರಲ್ಲಿ ಒಬ್ಬರು, ಚೀಲದಲ್ಲಿ ಸೆವೆನ್ ವುಡ್ ಇಟ್ಟುಕೊಂಡೇ 20 ಅಂಡರ್ ಪಾರ್‌ನಲ್ಲಿ ಮಾಸ್ಟರ್ಸ್ ಗೆದ್ದರು. ಅಲ್ಲಿಂದ ಮುಂದೆ ಆ ಹಳೆಯ ಸಂಕೋಚ ಹೆಚ್ಚುಕಡಿಮೆ ಹೋಗಿಯೇಬಿಟ್ಟಿತು.

ಕಾರಣ ಸರಳ. ನಿಧಾನವಾಗಿ ಬೀಸುವವರಿಗೆ 15 ಡಿಗ್ರಿಯ ಮುಖ ಚೆಂಡನ್ನು ಗಾಳಿಯಲ್ಲಿ ಬಹಳ ಹೊತ್ತು ಹಿಡಿದಿಡುವುದಿಲ್ಲ. ಎಷ್ಟೋ ಹವ್ಯಾಸಿಗಳ ಫೈವ್ ವುಡ್ ಅವರದೇ ತ್ರೀ ವುಡ್‌ನಷ್ಟೇ ದೂರ ಹೋಗುತ್ತದೆ, ಕೆಲವರದು ಅದಕ್ಕಿಂತ ದೂರವೂ ಹೋಗುತ್ತದೆ. ಉದ್ದದ ಐರನ್‌ನಿಂದ ಬಂದ ಚೆಂಡು ತಗ್ಗಾಗಿ ಬಂದು ಗ್ರೀನ್ ದಾಟಿ ಓಡುವ ಕಡೆ, ಅಷ್ಟೇ ದೂರದ ಸೆವೆನ್ ವುಡ್‌ನ ಚೆಂಡು ಮೇಲಿನಿಂದ ಇಳಿದು ಒಂದೆರಡು ಪುಟಕ್ಕೆ ನಿಲ್ಲುತ್ತದೆ. ವುಡ್ ಮತ್ತು ಐರನ್‌ಗಳ ಬೆರಕೆಯಾದ ಹೈಬ್ರಿಡ್‌ಗಳೂ ಇವೆ. ಎತ್ತರದ ಹುಲ್ಲಿನಿಂದ ಹೊರಬರಲು ಅವು ಒಳ್ಳೆಯವು, ಅಷ್ಟು ಹೇಳಿದರೆ ಸಾಕು.

ಹೆಚ್ಚು ಲಾಫ್ಟ್‌ನ ಈ ಒಲವಿಗೆ ಪೂರ್ತಿ ಬೇರೆಯೇ ರುಚಿಯ ದೊಡ್ಡ ಉದಾಹರಣೆ ಸ್ವೀಡನ್‌ನ ಹೆನ್ರಿಕ್ ಸ್ಟೆನ್ಸನ್. 13 ಡಿಗ್ರಿಯ ಒಂದೇ ಮಾದರಿಯ ತ್ರೀ ವುಡ್ ಅನ್ನು ವರ್ಷಗಟ್ಟಲೆ ಬಿಡದೆ ಆಡಿದವರು. ಟೀ ಮೇಲಿಂದಲೂ ಡ್ರೈವರ್ ಬದಲು ಅದನ್ನೇ ತೆಗೆಯುತ್ತಿದ್ದರು. ಅವರ ಚೆಂಡು ತಗ್ಗಾಗಿ, ಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು. 2016ರಲ್ಲಿ ರಾಯಲ್ ಟ್ರೂನ್‌ನ ಓಪನ್ ಚಾಂಪಿಯನ್‌ಶಿಪ್‌ನ ಕೊನೆಯ ದಿನ 63 ಹೊಡೆದು, ಒಟ್ಟು 264ರಲ್ಲಿ ಮುಗಿಸಿ ಫಿಲ್ ಮಿಕೆಲ್ಸನ್‌ರನ್ನು ಮಣಿಸಿದರು. ವರ್ಷಕ್ಕೊಂದು ಹೊಸ ಮಾದರಿ ಬರುವ ಈ ವ್ಯಾಪಾರದಲ್ಲಿ, ಕೈಗೆ ಒಗ್ಗಿದ್ದನ್ನು ಬದಲಿಸುವುದಿಲ್ಲ ಎಂಬ ಅವರ ಹಟ ನನಗೆ ಬಹಳ ಹಿಡಿಸುತ್ತದೆ.

ಆದರೆ ಫೇರ್‌ವೇ ವುಡ್‌ನ ರುಚಿ ಕನ್ನಡ ನಾಡಿಗೆ ಗೊತ್ತಾದದ್ದು ಬೆಂಗಳೂರಿನ ಹುಡುಗಿಯೊಬ್ಬಳಿಂದ. 2021ರ ಆಗಸ್ಟ್, ಟೋಕಿಯೊ ಒಲಿಂಪಿಕ್ಸ್, ಕಸುಮಿಗಸೆಕಿ ಕೋರ್ಸ್. ಅದಿತಿ ಅಶೋಕ್ ಆಗ ವಿಶ್ವ ಶ್ರೇಯಾಂಕದಲ್ಲಿ 200ನೆಯವರು. ಚೀಲ ಹೊತ್ತ ಕ್ಯಾಡಿ ಅವರ ತಾಯಿ. ಅದಕ್ಕೆ ಮೊದಲು ಕೋವಿಡ್ ತಗುಲಿ ದೇಹದ ಶಕ್ತಿ ಕುಗ್ಗಿತ್ತು, ಡ್ರೈವ್‌ನ ದೂರವೂ ಕಡಿಮೆಯಾಗಿತ್ತು. ಜೊತೆಗೆ ಆಡುತ್ತಿದ್ದ ನೆಲ್ಲಿ ಕೊರ್ಡಾ ಅವರ ಚೆಂಡು ಎಷ್ಟೋ ಗಜ ಮುಂದೆ ಬಿದ್ದಿರುತ್ತಿತ್ತು. ಅವರು ಐರನ್ ಹಿಡಿಯುವ ಕಡೆ ಅದಿತಿ ವುಡ್ ಅಥವಾ ಹೈಬ್ರಿಡ್ ತೆಗೆಯಬೇಕಾಗುತ್ತಿತ್ತು. ಗ್ರೀನ್‌ಗೆ ಹೆಚ್ಚಾಗಿ ಮೊದಲು ಹೊಡೆಯುವ ಸರದಿ ಅದಿತಿಯದೇ. ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲೂ ಕೊನೆಯ ಸುತ್ತಿನ ಆ ಶನಿವಾರ ಬೆಳಿಗ್ಗೆಯೇ ಟಿವಿ ಹಾಕಿಕೊಂಡು ಕೂತಿದ್ದರು. ಜನ ಅದಿತಿಯ ಪಟಿಂಗನ್ನು, ಅಂದರೆ ಗ್ರೀನ್ ಮೇಲೆ ಚೆಂಡು ಉರುಳಿಸುವ ಕೌಶಲವನ್ನು ಹೊಗಳಿದರು, ಅದು ನ್ಯಾಯವೇ. ಆದರೆ ಪಟರ್ ಕೈಗೆ ಬರುವ ಮೊದಲು ಚೆಂಡು ಗ್ರೀನ್ ತಲುಪಬೇಕಲ್ಲ. ದೂರದಿಂದ, ಹುಲ್ಲಿನ ಮೇಲಿಂದ, ಅವಸರವಿಲ್ಲದ ಸ್ವಿಂಗ್‌ನಲ್ಲಿ ಚೆಂಡನ್ನು ಎತ್ತಿ ಗ್ರೀನ್ ಕಡೆಗೆ ಕಳಿಸುತ್ತಿದ್ದ ಆ ಹೊಡೆತಗಳನ್ನು ಇನ್ನೊಮ್ಮೆ ನೋಡಿ. ಬಲವನ್ನು ಬಲದಿಂದ ಎದುರಿಸುವ ಪ್ರಯತ್ನವೇ ಅಲ್ಲಿಲ್ಲ. 67, 66, 68, 68. ಒಟ್ಟು 269, 15 ಅಂಡರ್, ನಾಲ್ಕನೆಯ ಸ್ಥಾನ. ಪದಕಕ್ಕೆ ಒಂದೇ ಸ್ಟ್ರೋಕ್ ಕಡಿಮೆ.

ಹೊಸದಾಗಿ ಫೇರ್‌ವೇ ವುಡ್ ಕೊಳ್ಳುವವರಿಗೆ ಒಂದು ಮಾತು. ಅಂಗಡಿಯ ಮ್ಯಾಟ್ ಮೇಲೆ ಹೊಡೆದು ತೀರ್ಮಾನಿಸಬೇಡಿ. ಮ್ಯಾಟ್ ಮೇಲೆ ಚೆಂಡಿನ ಹಿಂದೆ ತಗಲಿದ ತಳ ಜಾರಿಕೊಂಡು ಮುಂದೆ ಬರುತ್ತದೆ, ಕೆಟ್ಟ ಹೊಡೆತವೂ ಒಳ್ಳೆಯದರಂತೆ ಕಾಣುತ್ತದೆ. ಪರದೆಯ ಮೇಲಿನ ಅತಿ ದೂರದ ಅಂಕಿಗೂ ಮರುಳಾಗಬೇಡಿ. ಡೆಮೊ ಕ್ಲಬ್ ಕೊಡುತ್ತೀರಾ ಎಂದು ಕೇಳಿ, ಒಂದು ದಿನ ಕೋರ್ಸ್‌ಗೆ ಒಯ್ಯಿರಿ. ಬೆಂಗಳೂರು, ಮೈಸೂರಿನ ಎತ್ತರದಲ್ಲಿ ಗಾಳಿ ತುಸು ತೆಳು, ಕರಾವಳಿಗಿಂತ ನಾಲ್ಕಾರು ಗಜ ಜಾಸ್ತಿ ಹೋಗುತ್ತದೆ ಎನ್ನುವುದು ನೆನಪಿರಲಿ. ಟೀ ಮೇಲಿಂದ ಬೇಡ, ಹುಲ್ಲಿನ ಮೇಲಿಂದ ಹೊಡೆಯಿರಿ. ಒಣ ನೆಲದಲ್ಲೂ ಹೊಡೆಯಿರಿ, ಮಳೆ ಬಿದ್ದ ಮಾರನೆಯ ದಿನ ಚೆಂಡು ಉರುಳದ ನೆಲದಲ್ಲೂ ಹೊಡೆಯಿರಿ. ತ್ರೀ ವುಡ್ ಮೇಲಕ್ಕೇಳದಿದ್ದರೆ ಸಂಕೋಚವಿಲ್ಲದೆ ಐದಕ್ಕೆ ಹೋಗಿ, ಐದೂ ಏಳದಿದ್ದರೆ ಏಳಕ್ಕೆ. ಹದಿನಾಲ್ಕು ಕ್ಲಬ್ ಮೀರಬಾರದು ಎಂಬುದೊಂದೇ ನಿಯಮ. ಅವುಗಳಲ್ಲಿ ತ್ರೀ ವುಡ್ ಇರಲೇಬೇಕೆಂದು ಯಾವ ನಿಯಮದಲ್ಲೂ ಬರೆದಿಲ್ಲ.