ಹೋದ ಹಲ್ಲಿನ ಜಾಗಕ್ಕೆ

ಬಿದ್ದುಹೋದ ಅಥವಾ ಕೀಳಿಸಿದ ಹಲ್ಲಿನ ಜಾಗ ತುಂಬಲು ಮುಖ್ಯವಾಗಿ ಮೂರು ದಾರಿಗಳಿವೆ: ತೆಗೆದು ಹಾಕುವ ಸೆಟ್, ಅಕ್ಕಪಕ್ಕದ ಹಲ್ಲುಗಳ ಮೇಲೆ ಕೂರುವ ಬ್ರಿಜ್, ದವಡೆಯ ಮೂಳೆಗೇ ತಿರುಪು ಹಾಕಿ ನಿಲ್ಲಿಸುವ ಇಂಪ್ಲಾಂಟ್. ನವಿ ಮುಂಬಯಿಯ ಕೋಪರಖೈರಣೆಯಲ್ಲಿ ಈ ಮೂರಕ್ಕೂ ಬಹಳ ದೂರ ಹೋಗಬೇಕಿಲ್ಲ. ಆದರೆ ಆಯ್ಕೆ ಸಾಮಾನ್ಯವಾಗಿ ನಿರ್ಧಾರವಾಗುವುದು ಎಷ್ಟು ಖರ್ಚು, ಎಷ್ಟು ದಿನ ಎಂಬ ಎರಡೇ ಪ್ರಶ್ನೆಗಳಿಂದ. ಉಳಿದಿರುವ ಹಲ್ಲುಗಳ ಗತಿ ಏನು ಎಂಬುದನ್ನು ಮೊದಲು ಕೇಳಬೇಕು.

ಆರನೆಯ ವಯಸ್ಸಿಗೆ ಹುಟ್ಟುವ ಮೊದಲ ದವಡೆಹಲ್ಲಿಗೆ ಹುಳುಕೂ ಬೇಗ ಹಿಡಿಯುತ್ತದೆ. ಅದನ್ನು ಕೀಳಿಸಿ ಹಾಗೆಯೇ ಬಿಟ್ಟರೆ ಹಿಂದಿನ ಹಲ್ಲು ಖಾಲಿ ಜಾಗದ ಕಡೆ ವಾಲಬಹುದು, ಎದುರಿನದು ಉದ್ದಕ್ಕೆ ಇಳಿಯಬಹುದು. ಅಲ್ಲಿನ ಮೂಳೆಯಂತೂ ಸವೆಯುತ್ತದೆ, ಮೊದಲ ವರ್ಷದಲ್ಲೇ ಹೆಚ್ಚು. ಹಾಗೆಂದು ಪ್ರತಿ ಸಂದನ್ನೂ ತುಂಬಲೇಬೇಕೆಂದಿಲ್ಲ. ಬುದ್ಧಿಹಲ್ಲು ಹೋದರೆ ಬದಲಿ ಬೇಡ. ಹಿಂದಿನ ದವಡೆಹಲ್ಲುಗಳಿಲ್ಲದೆಯೂ ಅನೇಕರು ಚೆನ್ನಾಗಿಯೇ ಅಗಿಯಬಲ್ಲರೆಂದು ನೆದರ್ಲೆಂಡ್ಸ್‌ನ ದಂತತಜ್ಞ ಕೈಸರ್ 1981ರಲ್ಲೇ ತೋರಿಸಿದ್ದರು. ತುಂಬದೆ ಬಿಡುವುದೂ ಒಂದು ಆಯ್ಕೆಯೆಂದು ರೋಗಿಗೆ ಹೇಳುವುದು ವೈದ್ಯರ ಕರ್ತವ್ಯ.

ಹೆಚ್ಚು ಎಚ್ಚರ ಬೇಕಿರುವುದು ಬ್ರಿಜ್‌ನ ವಿಷಯದಲ್ಲಿ. ಎರಡು ಮೂರು ಭೇಟಿಯಲ್ಲಿ ಕೆಲಸ ಮುಗಿಯುತ್ತದೆ, ಹಲ್ಲು ಅಲ್ಲಾಡುವುದಿಲ್ಲ, ನೋಡಲೂ ಚೆಂದ. ಆದರೆ ಒಂದು ಹಲ್ಲು ಕೂರಿಸಲು ಆಚೀಚಿನ ಎರಡನ್ನು ಸುತ್ತಲೂ ಮಿಲಿಮೀಟರ್‌ನಷ್ಟು, ಕೆಲವೆಡೆ ಇನ್ನೂ ಹೆಚ್ಚು ಉಜ್ಜಿ ಕ್ಯಾಪ್ ತೊಡಿಸಬೇಕು. ಉಜ್ಜಿದ ಎನಾಮಲ್ ಮತ್ತೆ ಬೆಳೆಯದು. ಮುಂದೆ ಆ ಹಲ್ಲುಗಳಲ್ಲೊಂದರ ನರ ಸತ್ತರೆ ರೂಟ್ ಕೆನಾಲ್, ಕ್ಯಾಪಿನ ಅಂಚಿನಲ್ಲಿ ಹುಳುಕು ಹಿಡಿದರೆ ಇಡೀ ಬ್ರಿಜ್ ಬಿಚ್ಚುವ ಕೆಲಸ. ಪಕ್ಕದ ಹಲ್ಲುಗಳಿಗೆ ಹೇಗೂ ಕ್ಯಾಪ್ ಬೇಕಾಗಿದ್ದರೆ ಬ್ರಿಜ್ ಸರಿಯಾದ ಆಯ್ಕೆ. ಇಪ್ಪತ್ತೈದರ ಹರೆಯದವರ ಗಟ್ಟಿ ಹಲ್ಲುಗಳನ್ನು ಅದಕ್ಕಾಗಿ ಉಜ್ಜುವುದು ದೊಡ್ಡ ನಷ್ಟ. ಮುಂಭಾಗದ ಒಂದೇ ಹಲ್ಲು ಹೋಗಿದ್ದರೆ, ಪಕ್ಕದ ಹಲ್ಲಿನ ಹಿಂಬದಿಗೆ ತೆಳು ರೆಕ್ಕೆ ಅಂಟಿಸುವ ಮೇರಿಲ್ಯಾಂಡ್ ಬ್ರಿಜ್ ಉಂಟು. ಅದು ಕೆಲವೊಮ್ಮೆ ಕಿತ್ತು ಬರುತ್ತದೆ, ನಿಜ. ಆದರೆ ಕಿತ್ತು ಬಂದರೂ ಹಲ್ಲು ಉಳಿದಿರುತ್ತದೆ.

ಇಂಪ್ಲಾಂಟ್ ಪಕ್ಕದ ಹಲ್ಲುಗಳನ್ನು ಮುಟ್ಟುವುದೇ ಇಲ್ಲ. ಟೈಟಾನಿಯಂ ಮೂಳೆಯೊಡನೆ ಬೆಸೆದುಕೊಳ್ಳುತ್ತದೆಂದು ಕಂಡುಕೊಂಡ ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಅದನ್ನು ಅಳವಡಿಸಿದರು. ಬೆಸುಗೆಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಒಂಟಿ ಹಲ್ಲಿಗೆ ಇದು ಅತ್ಯುತ್ತಮ, ಆದರೆ ಎಲ್ಲ ಬಾಯಿಗೂ ಅಲ್ಲ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ವಸಡಿನ ಕೀವು, ತಂಬಾಕು ಇವೆಲ್ಲ ಅದನ್ನು ಸೋಲಿಸುತ್ತವೆ. ಮಹಾರಾಷ್ಟ್ರದಲ್ಲಿ ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜುವ ರೂಢಿ ಇರುವುದರಿಂದ ಬೀಡಿ ಸಿಗರೇಟಿನ ಬಗ್ಗೆ ಮಾತ್ರ ವಿಚಾರಿಸಿದರೆ ಸಾಲದು. ಗುಟ್ಕಾವನ್ನು ರಾಜ್ಯ 2012ರಲ್ಲಿ ನಿಷೇಧಿಸಿತು. ಆದರೆ ವರ್ಷಗಟ್ಟಲೆ ಅಡಿಕೆ ಅಗಿದು ಕೆನ್ನೆಯ ಒಳಭಾಗ ಬಿಗಿದುಕೊಂಡವರ ಬಾಯಿ ಎರಡು ಬೆರಳಗಲವೂ ತೆರೆಯದಿರಬಹುದು. ಅಲ್ಲಿ ಹಿಂದಿನ ಹಲ್ಲಿನ ಜಾಗಕ್ಕೆ ಡ್ರಿಲ್ ಹೋಗುವುದೂ ಕಷ್ಟ, ಅಳತೆ ತೆಗೆಯುವ ಟ್ರೇ ಹಿಡಿಸುವುದೂ ಕಷ್ಟ.

ತೆಗೆದು ಹಾಕುವ ಸೆಟ್ಟಿಗೆ ಸಿಗುತ್ತಿರುವ ತಾತ್ಸಾರ ನ್ಯಾಯವಲ್ಲ. ಅಗಿಯುವ ಬಲ ಕಡಿಮೆ, ಅಂಗುಳ ಮುಚ್ಚಿ ರುಚಿ ಕೆಡುತ್ತದೆಂಬ ದೂರೂ ಇದೆ. ಆದರೆ ಖರ್ಚು ಕಡಿಮೆ, ಮುಂದೆ ಬೇರೆ ದಾರಿ ಹಿಡಿಯಲು ಅಡ್ಡಿಯಿಲ್ಲ. ರಾತ್ರಿ ತೆಗೆದು ತೊಳೆದು ನೀರಿನಲ್ಲಿಡಬೇಕು. ಹಲ್ಲೇ ಇಲ್ಲದ ಕೆಳದವಡೆಯಲ್ಲಿ ಮಾತ್ರ ಪೂರ್ಣ ಸೆಟ್ ಮಾತಿಗೊಮ್ಮೆ ಅಲುಗಾಡುತ್ತದೆ. ಎರಡು ಇಂಪ್ಲಾಂಟ್ ಹಾಕಿ ಅದನ್ನು ಹಿಡಿದು ನಿಲ್ಲಿಸುವುದೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದರು.

ಇವೆಲ್ಲಕ್ಕಿಂತ ಕೆಟ್ಟದ್ದು ಪದವಿಯಿಲ್ಲದವರು ನಿಂತ ಕಾಲಲ್ಲಿ ಕಟ್ಟಿಕೊಡುವ ‘ಫಿಕ್ಸ್ ಹಲ್ಲು’. ಪುಡಿ ಮತ್ತು ದ್ರಾವಣ ಕಲಸಿದ ಅಕ್ರಿಲಿಕ್ಕನ್ನು ನೇರ ವಸಡಿನ ಮೇಲೆ ಮೆತ್ತಿ, ಪಕ್ಕದ ಹಲ್ಲುಗಳಿಗೆ ಕೆಲವೊಮ್ಮೆ ತಂತಿ ಬಿಗಿಯುತ್ತಾರೆ. ಗಟ್ಟಿಯಾಗುವಾಗ ಅದು ಕಾಯುತ್ತದೆ, ವಸಡು ಸುಡಬಹುದು. ಅಡಿಯಲ್ಲಿ ಸಿಕ್ಕಿಕೊಂಡ ಅನ್ನ ಬ್ರಶ್ಶಿಗೆ ಸಿಗುವುದಿಲ್ಲ. ಕ್ರಮೇಣ ಆಸರೆಯ ಹಲ್ಲುಗಳೂ ಸಡಿಲವಾಗುತ್ತವೆ. ಕೈಯಲ್ಲಿ ಹಣ ಕಡಿಮೆಯಿದ್ದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಹತ್ತಿರದಲ್ಲೇ ಇದೆ. ಕೋಪರಖೈರಣೆಯಿಂದ ಠಾಣೆ–ಪನ್ವೇಲ್ ರೈಲು ಹಿಡಿದರೆ ನೆರೂಳದಲ್ಲಿ ಡಿ. ವೈ. ಪಾಟೀಲ ಮತ್ತು ತೇರಣಾ ದಂತ ಕಾಲೇಜುಗಳಿವೆ. ಇಂಥ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಕೆಲಸ ಮಾಡುವುದರಿಂದ ಹೆಚ್ಚು ಸಲ ಓಡಾಡಬೇಕಾಗುತ್ತದೆ. ಆದರೆ ಸೆಟ್ ಮಾಡುವಾಗ ಹಲ್ಲನ್ನು ಮೊದಲು ಮೇಣದಲ್ಲಿ ಕೂರಿಸಿ, ಬಾಯಲ್ಲಿಟ್ಟು ಕಚ್ಚಿಸಿ, ಮಾತಾಡಿಸಿ ನೋಡಿ, ಸರಿಯಿಲ್ಲದಿದ್ದರೆ ತಿದ್ದಿ, ಆಮೇಲಷ್ಟೇ ಅಕ್ರಿಲಿಕ್‌ಗೆ ಇಳಿಸುತ್ತಾರೆ.